ಕಾಲ್ಚೆಂಡಾಟಗಾರನ ರಹದಾರಿ

ಒಂದು ಶಾಲೆಯನ್ನು ಬಿಟ್ಟು ಇನ್ನೊಂದಕ್ಕೆ ಸೇರುವ ಹುಡುಗ ಮೊದಲಿನ ಶಾಲೆಯಿಂದ ಟಿ.ಸಿ. ತರಬೇಕೆಂಬುದು ನಮಗೆಲ್ಲ ತಿಳಿದ ಸಂಗತಿ. ಹುಡುಗ ಎಷ್ಟೇ ಜಾಣನಿರಲಿ, ಹೊಸ ಶಾಲೆಯವರು ಆ ಕಾಗದವನ್ನು ಕೇಳುತ್ತಾರೆ. ಕಾಲ್ಚೆಂಡಾಟದ ಲೋಕದಲ್ಲಿಯೂ ಇಂಥದೇ ಒಂದು ಕಾಗದವುಂಟು. ಒಂದು ದೇಶದಲ್ಲಿ ಆಡುತ್ತಿದ್ದವನು ಇನ್ನೊಂದು ದೇಶದ ಕ್ಲಬ್ಬಿಗೆ ಬಂದರೆ, ಅವನು ಬಿಟ್ಟುಬಂದ ದೇಶದ ಫುಟ್‌ಬಾಲ್ ಸಂಸ್ಥೆ ಅವನನ್ನು ಬಿಟ್ಟುಕೊಟ್ಟಿರುವುದಾಗಿ ಪತ್ರ ಕೊಡಬೇಕು. ಅದು ಬರುವವರೆಗೆ ಹೊಸ ದೇಶದಲ್ಲಿ ಅವನ ಹೆಸರು ನೋಂದಣಿಯಾಗದು. ನೋಂದಣಿಯಾಗದವನು ಪಂದ್ಯಕ್ಕೆ ಇಳಿಯುವಂತಿಲ್ಲ. ಇದಕ್ಕೆ ಅಂತರರಾಷ್ಟ್ರೀಯ ವರ್ಗಾವಣೆ ಪತ್ರವೆಂದು ಹೆಸರು. ನೋಡಲು ಇದು ಬರಿಯ ಕಚೇರಿಯ ಕಾಗದ. ಆದರೆ ಒಬ್ಬ ಮನುಷ್ಯನ ದುಡಿಮೆ ಯಾರಿಗೆ ಸೇರಿದ್ದು ಎಂಬ ದೊಡ್ಡ ಪ್ರಶ್ನೆ ಇದರ ಹಿಂದೆ ಅಡಗಿದೆ.

ಈ ನೋಂದಣಿಯ ಪದ್ಧತಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಸಂಬಳ ಪಡೆದು ಆಡುವುದಕ್ಕೆ ಅಲ್ಲಿಯ ಫುಟ್‌ಬಾಲ್ ಸಂಸ್ಥೆ 1885ರಲ್ಲಿ ಒಪ್ಪಿಗೆಯಿತ್ತಿತು. ಹಣ ಬಂದಮೇಲೆ ಇಂದು ಇಲ್ಲಿ, ನಾಳೆ ಅಲ್ಲಿ ಎಂದು ಆಟಗಾರರು ಜಿಗಿಯತೊಡಗಿದರೆ ಪಂದ್ಯಾವಳಿಗೆ ಅರ್ಥವೇ ಉಳಿಯದು. ಆದುದರಿಂದ ಪ್ರತಿಯೊಬ್ಬ ಆಟಗಾರನೂ ಒಂದೇ ಕ್ಲಬ್ಬಿನ ಹೆಸರಿನಲ್ಲಿ ದಾಖಲಾಗಬೇಕೆಂಬ ನಿಯಮ ಬಂದಿತು. ಇಷ್ಟು ಸರಿಯೇ. ಆದರೆ ನಿಯಮ ಇಲ್ಲಿಗೇ ನಿಲ್ಲಲಿಲ್ಲ. ಕರಾರಿನ ಅವಧಿ ಮುಗಿದಮೇಲೂ ಕ್ಲಬ್ಬು ಆಟಗಾರನ ಹೆಸರನ್ನು ತನ್ನ ಪುಸ್ತಕದಲ್ಲಿಯೇ ಉಳಿಸಿಕೊಳ್ಳಬಹುದಾಗಿತ್ತು. ಸಂಬಳ ನಿಂತಿದ್ದರೂ ಬಿಡುಗಡೆಯಿಲ್ಲ! ಬಿಡಬೇಕಾದರೆ ಕೊಳ್ಳುವ ಕ್ಲಬ್ಬು ಹಣ ತೆರಬೇಕು.

1904ರ ಮೇ 21ರಂದು ಪ್ಯಾರಿಸಿನಲ್ಲಿ ಏಳು ದೇಶಗಳ ಪರವಾಗಿ ಫಿಫಾ ಸಂಸ್ಥೆ ಸ್ಥಾಪನೆಯಾಯಿತು. ಒಬ್ಬ ಆಟಗಾರನು ಏಕಕಾಲದಲ್ಲಿ ಎರಡು ದೇಶಗಳ ಸಂಸ್ಥೆಗಳಲ್ಲಿ ಆಡಕೂಡದು, ಒಂದು ಸಂಸ್ಥೆ ಹೊರಗಿಟ್ಟವನನ್ನು ಉಳಿದವೂ ಹೊರಗಿಡಬೇಕು ಎಂಬ ಮಾತು ಅದರ ಮೊದಲ ನಿಯಮಗಳಲ್ಲಿಯೇ ಇತ್ತು. ಹೀಗೆ ಒಂದು ದೇಶದ ಪುಸ್ತಕದಲ್ಲಿ ಹಾಕಿದ ಗಂಟು ಎಲ್ಲ ದೇಶಗಳಲ್ಲಿಯೂ ಗಂಟಾಯಿತು.

ಈ ಗಂಟಿನ ಹೊರಗೊಂದು ದೇಶವಿದ್ದರೆ ಏನಾದೀತು? ಇದಕ್ಕೆ ಉತ್ತರ ಕೊಟ್ಟಿದ್ದು ದಕ್ಷಿಣ ಅಮೆರಿಕದ ಕೊಲಂಬಿಯಾ. 1948ರ ಏಪ್ರಿಲ್ ತಿಂಗಳಲ್ಲಿ ಜನನಾಯಕ ಗೈತಾನ್ ಕೊಲೆಯಾಗಿ ರಾಜಧಾನಿ ಬೊಗೋಟಾ ಹೊತ್ತಿ ಉರಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಲ್ಲಿ ವೃತ್ತಿಪರ ಕಾಲ್ಚೆಂಡಾಟದ ಲೀಗ್ ಆರಂಭವಾಯಿತು. ದೇಶದ ಹಳೆಯ ಸಂಸ್ಥೆಗೂ ಈ ಲೀಗಿಗೂ ಜಗಳ ಹತ್ತಿ, ಕೊಲಂಬಿಯಾ ಫಿಫಾದಿಂದ ಹೊರಬಿದ್ದಿತು. ಶಿಕ್ಷೆಯೆಂದು ಕೊಟ್ಟದ್ದು ಅಲ್ಲಿಯ ಕ್ಲಬ್ಬುಗಳಿಗೆ ವರವಾಯಿತು. ಹೊರಗಿದ್ದವರಿಗೆ ಒಳಗಿನ ನಿಯಮದ ಹಂಗೇಕೆ? ಯಾವ ಪತ್ರವನ್ನೂ ಕೇಳದೆ, ಹಳೆಯ ಕ್ಲಬ್ಬಿಗೆ ಒಂದು ಕಾಸನ್ನೂ ಕೊಡದೆ, ಆಟಗಾರರ ಕೈಗೇ ನೇರವಾಗಿ ಹಣವಿತ್ತು ಅವರು ಕರೆಸಿಕೊಂಡರು.

ಅರ್ಜೆಂಟೀನಾದಲ್ಲಿ 1948ರಲ್ಲಿ ಆಟಗಾರರು ಮುಷ್ಕರ ಹೂಡಿದ್ದರು. ಅಲ್ಲಿಂದ ಪೆದರ್ನೇರಾ, ರೊಸ್ಸಿ, ಆಲ್ಫ್ರೆಡೊ ದಿ ಸ್ಟೆಫಾನೊ ಮೊದಲಾದ ಘಟಾನುಘಟಿಗಳು 1949ರಲ್ಲಿ ಬೊಗೋಟಾದ ಮಿಲ್ಯೊನಾರಿಯೊಸ್ ಕ್ಲಬ್ಬಿಗೆ ಬಂದರು. 1950ರಲ್ಲಿ ಇಂಗ್ಲೆಂಡಿನಿಂದ ನೀಲ್ ಫ್ರಾಂಕ್ಲಿನ್, ಜಾರ್ಜ್ ಮೌಂಟ್‌ಫರ್ಡ್, ಚಾರ್ಲಿ ಮಿಟನ್ ಅದೇ ಊರಿನ ಸಾಂತಾ ಫೆ ಕ್ಲಬ್ಬನ್ನು ಸೇರಿದರು. ಆಗ ಇಂಗ್ಲೆಂಡಿನಲ್ಲಿ ಎಂಥ ಆಟಗಾರನಿಗೂ ವಾರಕ್ಕೆ 12 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲವೆಂಬುದನ್ನು ನೆನೆದರೆ, ಇವರು ಸಮುದ್ರ ದಾಟಿದ್ದು ಏಕೆಂದು ಹೇಳಬೇಕಾಗಿಲ್ಲ. ಫ್ರಾಂಕ್ಲಿನ್ ಇಂಗ್ಲೆಂಡ್ ತಂಡದ ಮಧ್ಯರಕ್ಷಕ. ಆತನಿಲ್ಲದೆಯೇ ಆ ದೇಶ 1950ರ ವಿಶ್ವಕಪ್ಪಿಗೆ ಹೋಯಿತು. ಆತ ಬೊಗೋಟಾದಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಊರಿಗೆ ಮರಳಿದಾಗ ಕಾದಿದ್ದುದು ನಿಷೇಧ. ಅನಂತರ ಎರಡನೆಯ ದರ್ಜೆಯ ಹಲ್ ಸಿಟಿಗೆ ಆತನನ್ನು ಮಾರಲಾಯಿತು. ಇಂಗ್ಲೆಂಡ್ ತಂಡ ಮತ್ತೆ ಕರೆಯಲಿಲ್ಲ. ಒಂದು ವರ್ಷ ಆಡಿ ಬಂದ ಮಿಟನ್‌ಗೂ ದಂಡ ಮತ್ತು ಆರು ತಿಂಗಳ ನಿಷೇಧ ತಪ್ಪಲಿಲ್ಲ.

ಕೊನೆಗೆ 1951ರ ಅಕ್ಟೋಬರ್‌ನಲ್ಲಿ ಪೆರು ದೇಶದ ಲಿಮಾ ನಗರದಲ್ಲಿ ಒಂದು ರಾಜಿಯಾಯಿತು. ಹೊರಗಿನಿಂದ ಬಂದವರು 1954ರ ಅಕ್ಟೋಬರ್ ತನಕ ಕೊಲಂಬಿಯಾದಲ್ಲಿ ಆಡಬಹುದು. ಆಮೇಲೆ ಅವರ ಮೇಲಿನ ಹಕ್ಕು ಹಳೆಯ ಕ್ಲಬ್ಬುಗಳಿಗೆ ಮರಳಬೇಕು. ಓದುಗರೇ, ಗಮನಿಸಿ: ಒಬ್ಬನೇ ಮನುಷ್ಯನಿಗೆ ಇಂದಿಗೊಬ್ಬ ಒಡೆಯ, ನಾಳೆಗೊಬ್ಬ ಒಡೆಯ!

ಇದರ ಫಲ 1953ರಲ್ಲಿ ಸ್ಪೇನಿನಲ್ಲಿ ಕಾಣಿಸಿತು. ದಿ ಸ್ಟೆಫಾನೊವನ್ನು ಬಾರ್ಸಿಲೋನಾ ಕ್ಲಬ್ಬು ಅರ್ಜೆಂಟೀನಾದ ರಿವರ್ ಪ್ಲೇಟ್‌ನಿಂದ ಕೊಂಡಿತು. ರಿಯಲ್ ಮ್ಯಾಡ್ರಿಡ್ ಮಿಲ್ಯೊನಾರಿಯೊಸ್‌ನಿಂದ ಕೊಂಡಿತು. ಇಬ್ಬರದೂ ಅರ್ಧ ಸತ್ಯ. ಹೆಸರನ್ನು ಯಾರ ಪುಸ್ತಕದಲ್ಲಿ ಬರೆಯುವುದು? ಸ್ಪೇನಿನ ಫುಟ್‌ಬಾಲ್ ಆಡಳಿತವು ಪಾಲು ಹಿಸ್ಸೆಯ ಪಂಚಾಯಿತಿ ನಡೆಸಿದಂತೆ ತೀರ್ಪಿತ್ತಿತು: ನಾಲ್ಕು ಋತುಗಳಲ್ಲಿ ಒಂದು ಮ್ಯಾಡ್ರಿಡಿಗೆ, ಮರುವರ್ಷದ್ದು ಬಾರ್ಸಿಲೋನಾಕ್ಕೆ, ಹೀಗೆ ಸರದಿಯ ಮೇಲೆ. ಬಾರ್ಸಿಲೋನಾದ ಜನ ಕೆರಳಿದರು, ಅಧ್ಯಕ್ಷ ರಾಜೀನಾಮೆಯಿತ್ತ, ಕ್ಲಬ್ಬು ತನ್ನ ಪಾಲನ್ನು ಬಿಟ್ಟುಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಮ್ಯಾಡ್ರಿಡ್ ತಂಡ ಬಾರ್ಸಿಲೋನಾವನ್ನು 5–0 ಗೋಲುಗಳಿಂದ ಸೋಲಿಸಿತು. ಮುಂದೆ 1956ರಿಂದ 1960ರವರೆಗೆ ಸತತವಾಗಿ ಐದು ಸಲ ಯೂರೋಪಿಯನ್ ಕಪ್ ಗೆದ್ದದ್ದೂ ದಿ ಸ್ಟೆಫಾನೊ ಇದ್ದ ಆ ತಂಡವೇ. ಆ ತೀರ್ಪಿನಲ್ಲಿ ಸರ್ಕಾರದ ಕೈವಾಡವಿತ್ತೆ ಎಂಬ ವಾದ ಇಂದಿಗೂ ನಿಂತಿಲ್ಲ.

ಇನ್ನು ದೇಶವನ್ನೇ ಬಿಟ್ಟು ಓಡಿಬಂದವನ ಗತಿಯೇನು? ಹಂಗೆರಿಯ ಲಾಡಿಸ್ಲಾವ್ ಕುಬಾಲಾ 1949ರ ಜನವರಿಯಲ್ಲಿ ಸೈನಿಕನ ವೇಷದಲ್ಲಿ ಲಾರಿಯೇರಿ ಗಡಿ ದಾಟಿದ. ಬಿಟ್ಟುಬಂದ ದೇಶ ಬಿಡುಗಡೆಯ ಪತ್ರ ಕೊಡುವುದುಂಟೆ? ಕೊಡುವುದಿರಲಿ, ಅನುಮತಿಯಿಲ್ಲದೆ ಹೋದನೆಂದು ಹಂಗೆರಿಯ ಸಂಸ್ಥೆ ದೂರಿತ್ತಿತು. ಫಿಫಾ ಒಂದು ವರ್ಷದ ನಿಷೇಧ ಹಾಕಿತು. ನಿರಾಶ್ರಿತರದೇ ಒಂದು ತಂಡ ಕಟ್ಟಿಕೊಂಡು ಕುಬಾಲಾ ಊರೂರು ಅಲೆದ. 1950ರಲ್ಲಿ ಬಾರ್ಸಿಲೋನಾ ಸೇರಿಸಿಕೊಂಡರೂ ಮೊದಲಿಗೆ ಸ್ನೇಹಪಂದ್ಯಗಳಷ್ಟೇ ಗತಿಯಾದವು. ಸ್ಪೇನಿನ ಪ್ರಜೆಯಾದ ಮೇಲೆ ಆ ದೇಶದ ಪರವಾಗಿಯೂ ಆಡಿದ.

ನಮ್ಮ ನಾಡಿನ ಉದಾಹರಣೆಯೂ ಉಂಟು. ಬೆಂಗಳೂರಿನ ಅಹ್ಮದ್ ಖಾನ್ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡದಲ್ಲಿ ಹೆಸರು ಮಾಡಿದಾಗ ಅದು ಒಂದೇ ದೇಶದೊಳಗಿನ ವಲಸೆ; ಅದಕ್ಕೆ ಈ ರಹದಾರಿ ಬೇಡ. ಆದರೆ 1978ರ ವಿಶ್ವಕಪ್ಪಿನ ಇರಾನ್ ತಂಡದಲ್ಲಿದ್ದು, ಅಲಿಗಢಕ್ಕೆ ಓದಲು ಬಂದು, 1980ರಲ್ಲಿ ಅದೇ ಈಸ್ಟ್ ಬೆಂಗಾಲನ್ನು ಸೇರಿದ ಮಜೀದ್ ಬಿಷ್ಕರ್ ಗಡಿ ದಾಟಿ ಬಂದ ಆಟಗಾರ. ಈ ನಿಯಮಗಳು ಮುಟ್ಟುವುದು ಇಂಥವರನ್ನೇ.

ಗಂಟು ಸಡಿಲವಾದದ್ದು ನ್ಯಾಯಾಲಯಗಳಲ್ಲಿ. ಇಂಗ್ಲೆಂಡಿನ ಜಾರ್ಜ್ ಈಸ್ಟ್‌ಹ್ಯಾಮ್ ಹೂಡಿದ ದಾವೆಯಲ್ಲಿ, ಕರಾರು ಮುಗಿದವನನ್ನು ಕಟ್ಟಿಹಾಕುವ ನಿಯಮ ನ್ಯಾಯವಲ್ಲವೆಂದು 1963ರಲ್ಲಿ ತೀರ್ಪಾಯಿತು. ಗಡಿಯಾಚೆಯ ವರ್ಗಾವಣೆಯ ಪ್ರಶ್ನೆಯನ್ನೆತ್ತಿದವನು ಬೆಲ್ಜಿಯಮ್ಮಿನ ಜಾನ್‌ಮಾರ್ಕ್ ಬೊಸ್ಮನ್. 1990ರಲ್ಲಿ ಲೀಜ್ ಕ್ಲಬ್ಬಿನೊಡನೆ ಆತನ ಕರಾರು ಮುಗಿಯಿತು. ತಿಂಗಳಿಗೆ ಸರಾಸರಿ 1,20,000 ಫ್ರಾಂಕ್ ಪಡೆಯುತ್ತಿದ್ದವನಿಗೆ ಕ್ಲಬ್ಬು 30,000 ಕೊಡುವುದಾಗಿ ಹೇಳಿತು. ಫ್ರಾನ್ಸಿನ ಡಂಕರ್ಕ್ ಕ್ಲಬ್ಬು ಕರೆಯಿತು. ಆದರೆ ಡಂಕರ್ಕ್ ಹಣ ಕೊಟ್ಟೀತೆ ಎಂಬ ಸಂಶಯದಿಂದ ಲೀಜ್ ಕ್ಲಬ್ಬು ವರ್ಗಾವಣೆ ಪತ್ರವನ್ನು ಕಳಿಸುವಂತೆ ತನ್ನ ದೇಶದ ಸಂಸ್ಥೆಯನ್ನು ಕೇಳಲೇ ಇಲ್ಲ. ಒಂದು ಕಾಗದ ಬರಲಿಲ್ಲವೆಂದು ಒಬ್ಬನ ಜೀವನೋಪಾಯವೇ ನಿಂತಿತು. ಐದು ವರ್ಷದ ಹೋರಾಟದ ಮೇಲೆ 1995ರ ಡಿಸೆಂಬರ್ 15ರಂದು ಯೂರೋಪಿನ ನ್ಯಾಯಾಲಯ ಬೊಸ್ಮನ್ ಪರವಾಗಿ ತೀರ್ಪಿತ್ತಿತು: ಯೂರೋಪು ಒಕ್ಕೂಟದ ಪ್ರಜೆಯಾದ ಆಟಗಾರನು ಕರಾರು ಮುಗಿದ ಬಳಿಕ ಒಕ್ಕೂಟದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗುವಾಗ ಹಣ ಕೇಳಕೂಡದು. ಇದರಿಂದ ಇತರರು ಕೋಟ್ಯಧೀಶರಾದರು. ಆ ಹೊತ್ತಿಗೆ ಬೊಸ್ಮನ್‌ನ ಆಟದ ವಯಸ್ಸು ಕಳೆದುಹೋಗುತ್ತಿತ್ತು.

ಹಾಗಾದರೆ ಈ ಪತ್ರವೇ ಬೇಡವೆ ಎಂದು ನೀವು ಕೇಳಬಹುದು. ಬೇಕು, ಅದಕ್ಕೆ ಇನ್ನೊಂದು ಮುಖವೂ ಇದೆ. ಬಡದೇಶದ ಎಳೆಯರನ್ನು ದೊಡ್ಡ ಕ್ಲಬ್ಬಿನ ಆಸೆ ತೋರಿಸಿ ಕರೆದೊಯ್ದು, ಆಟ ಸಾಲದೆಂದು ಪರದೇಶದ ಬೀದಿಯಲ್ಲಿ ಕೈಬಿಡುವ ದಲ್ಲಾಳಿಗಳುಂಟು. ಇದನ್ನು ತಡೆಯಲು 2001ರಲ್ಲಿ ಫಿಫಾ ಹೊಸ ಕಟ್ಟಳೆ ತಂದಿತು: ಕೆಲವು ವಿನಾಯಿತಿಗಳ ಹೊರತು, 18 ವರ್ಷ ತುಂಬದವರನ್ನು ದೇಶದಿಂದ ದೇಶಕ್ಕೆ ವರ್ಗಾಯಿಸುವಂತಿಲ್ಲ. ತಂದೆತಾಯಿಗಳು ಆಟಕ್ಕೆ ಸಂಬಂಧಿಸದ ಕಾರಣದಿಂದ ವಲಸೆ ಹೋಗಿದ್ದರೆ ಮಗುವಿಗೆ ಅವಕಾಶವುಂಟು. 2010ರ ಅಕ್ಟೋಬರ್‌ನಿಂದ ವೃತ್ತಿಪರರ ಅಂತರರಾಷ್ಟ್ರೀಯ ವರ್ಗಾವಣೆಗಳು ಗಣಕಯಂತ್ರದ ಮೂಲಕವೇ ನಡೆಯಬೇಕಾಯಿತು. ಎರಡು ಕ್ಲಬ್ಬುಗಳು ಕೊಟ್ಟ ವಿವರ ಒಂದಕ್ಕೊಂದು ತಾಳೆಯಾಗದಿದ್ದರೆ ಕಡತ ಮುಂದೆ ಸಾಗದು.

ತಗಾದೆ ಪೂರ್ತಿ ತೀರಿತೆಂದಲ್ಲ. ಫ್ರಾನ್ಸಿನ ಲಸ್ಸಾನಾ ದಿಯಾರಾ ಮಾಸ್ಕೋ ಕ್ಲಬ್ಬಿನೊಡನೆ ಜಗಳವಾಗಿ ಹೊರಬಂದಾಗ, ಬೆಲ್ಜಿಯಮ್ಮಿನ ಕ್ಲಬ್ಬೊಂದನ್ನು ಸೇರಲು ಇದೇ ಪತ್ರ ಅಡ್ಡಬಂದಿತು. ಕರಾರಿನ ವ್ಯಾಜ್ಯವಿದೆಯೆಂದು ಪತ್ರವನ್ನು ತಡೆಯುವ ನಿಯಮ ಯೂರೋಪಿನ ಕಾನೂನಿಗೆ ವಿರುದ್ಧವೆಂದು 2024ರ ಅಕ್ಟೋಬರ್ 4ರಂದು ನ್ಯಾಯಾಲಯ ಹೇಳಿತು. ಆ ವರ್ಷದ ಡಿಸೆಂಬರ್‌ನಲ್ಲಿಯೇ ಫಿಫಾ ತನ್ನ ನಿಯಮವನ್ನು ತಿದ್ದಬೇಕಾಯಿತು.

ಟಿ.ಸಿ. ಇರುವುದು ಹುಡುಗ ಎಲ್ಲಿ, ಎಷ್ಟು ಓದಿದನೆಂದು ತಿಳಿಸುವುದಕ್ಕೆ. ಮುಂದೆ ಓದದಂತೆ ತಡೆಯುವುದಕ್ಕಲ್ಲ. ಕಾಲ್ಚೆಂಡಾಟದ ರಹದಾರಿಗೂ ಸಲ್ಲಬೇಕಾದ ಅಳತೆಗೋಲು ಅದೇ. ಇಷ್ಟು ಸರಳವಾದ ಮಾತನ್ನು ಒಪ್ಪಿಸಲು ನೂರು ವರ್ಷಕ್ಕೂ ಮಿಕ್ಕ ಕಾಲ ಹಿಡಿಯಿತು. ಆ ಕಾಲದ ಬೆಲೆಯನ್ನು ತೆತ್ತವರು ಫ್ರಾಂಕ್ಲಿನ್, ಕುಬಾಲಾ, ಬೊಸ್ಮನ್‌ರಂಥ ಆಟಗಾರರು.