ಡಿಜಿಟಲ್ ತೋಟ

ಒಬ್ಬ ವ್ಯಕ್ತಿ ಓದಿನಿಂದಲೋ ಕಸುಬಿನಿಂದಲೋ ಹುಟ್ಟಿದ ಸ್ವಂತ ಟಿಪ್ಪಣಿಗಳನ್ನು ತನ್ನದೇ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟು, ವರ್ಷಗಟ್ಟಲೆ ತಿದ್ದುತ್ತ, ಒಂದಕ್ಕೊಂದು ಕೊಂಡಿ ಹಾಕುತ್ತ ಬೆಳೆಸುವ ಬರಹ ಪದ್ಧತಿಗೆ ಡಿಜಿಟಲ್ ತೋಟ ಎಂದು ಹೆಸರು. ಬ್ಲಾಗಿನಲ್ಲಿ ಹೊಸ ಬರಹ ಮೇಲೆ ಬಂದು ಹಳೆಯದು ಕೆಳಗೆ ಸರಿಯುತ್ತದೆ. ಇಲ್ಲಿ ತಾರೀಖಿಗೆ ಅಂಥ ಅಧಿಕಾರವಿಲ್ಲ. ಪುಟಗಳನ್ನು ಜೋಡಿಸುವುದು ವಿಷಯದ ನಂಟು. ಹೆಸರು ಬಳಕೆಗೆ ಬಂದು ಹೆಚ್ಚು ಕಾಲವಾಗಿಲ್ಲ, 2018ರಿಂದ 2020ರ ನಡುವೆ ಅದು ವ್ಯಾಪಕವಾಯಿತು. ಪದ್ಧತಿಯ ಬೇರುಗಳು ಮಾತ್ರ ಕಂಪ್ಯೂಟರಿಗಿಂತ ಬಹಳ ಹಿಂದಿನವು.

ಯುರೋಪಿನಲ್ಲಿ ಪುನರುಜ್ಜೀವನ ಕಾಲದ ವಿದ್ವಾಂಸರು ಓದಿದ್ದರಲ್ಲಿ ಬೇಕಾದುದನ್ನು ವಿಷಯವಾರು ಬರೆದಿಡುವ ಸಂಗ್ರಹ ಪುಸ್ತಕಗಳನ್ನು ಇಟ್ಟುಕೊಳ್ಳುತ್ತಿದ್ದರು. ಇಂಥ ಪುಸ್ತಕ ದಪ್ಪವಾದಷ್ಟೂ ಅದರಲ್ಲಿ ಬೇಕಾದುದನ್ನು ಹುಡುಕುವುದು ಕಷ್ಟ. ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1686ರಲ್ಲಿ ಫ್ರೆಂಚ್ ಭಾಷೆಯ ಪತ್ರಿಕೆಯೊಂದರಲ್ಲಿ ಇದಕ್ಕೊಂದು ಪರಿಹಾರ ಪ್ರಕಟಿಸಿದ. ವಿಷಯದ ಹೆಸರಿನ ಮೊದಲ ಅಕ್ಷರ ಮತ್ತು ಅದರ ನಂತರದ ಮೊದಲ ಸ್ವರ ಇವೆರಡನ್ನು ಹಿಡಿದು ಸೂಚಿ ಮಾಡುವ ಆ ಕ್ರಮದಲ್ಲಿ ಪುಸ್ತಕ ಹೇಗೆ ಬೆಳೆಯುವುದೆಂದು ಮೊದಲೇ ಗೊತ್ತಿರಬೇಕಿಲ್ಲ. ಮುಂದೆ ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927-1998) ಈ ದಾರಿಯನ್ನು ಬಹು ದೂರ ಒಯ್ದ. ಈತ 1950ರ ದಶಕದಿಂದ ಆರಂಭಿಸಿ ಸುಮಾರು 90,000 ಚೀಟಿಗಳನ್ನು ಮರದ ಪೆಟ್ಟಿಗೆಗಳಲ್ಲಿ ಕೂಡಿಟ್ಟ. ಪ್ರತಿ ಚೀಟಿಗೂ ಒಂದು ಸಂಖ್ಯೆ. ಎರಡು ಚೀಟಿಗಳ ನಡುವೆ ಹೊಸ ವಿಚಾರ ಹುಟ್ಟಿದರೆ ಸಂಖ್ಯೆಗೆ ಅಕ್ಷರ ಸೇರಿಸಿ ಅಲ್ಲೇ ಕವಲು ತೆಗೆಯುತ್ತಿದ್ದ. ಚೀಟಿಯಿಂದ ಚೀಟಿಗೆ ಉಲ್ಲೇಖ ಕೊಡುವುದೇ ಆ ಸಂಗ್ರಹದ ಜೀವಾಳ. ಇಂದಿನ ತೋಟಗಾರರಲ್ಲಿ ಅನೇಕರು ಲೂಮನ್‌ನ ಹೆಸರನ್ನು ಗೌರವದಿಂದ ನೆನೆಯುತ್ತಾರೆ. ಆದರೆ ಆ ಚೀಟಿಗಳು ಆತನ ಖಾಸಗಿ ಸಾಧನವಾಗಿದ್ದವು. ಬೀಲೆಫೆಲ್ಡ್ ವಿಶ್ವವಿದ್ಯಾಲಯ ಅವುಗಳನ್ನು ಅಂತರ್ಜಾಲದಲ್ಲಿ ತೆರೆಯತೊಡಗಿದ್ದು 2019ರಲ್ಲಿ.

ಖಾಸಗಿ ಟಿಪ್ಪಣಿಯನ್ನು ಇತರರಿಗೂ ದಾಟಿಸಬಹುದೆಂಬ ಯಂತ್ರದ ಕನಸು ಅಮೆರಿಕದ ವ್ಯಾನೆವರ್ ಬುಷ್‌ನದು. 1945ರ ಜುಲೈ ತಿಂಗಳ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಈತ ಮೆಮೆಕ್ಸ್ ಎಂಬ ಮೇಜಿನ ಕಲ್ಪನೆ ಮಂಡಿಸಿದ: ಅದರೊಳಗೆ ಮೈಕ್ರೋಫಿಲ್ಮಿನಲ್ಲಿ ಪುಸ್ತಕಗಳು, ಕಾಗದಪತ್ರಗಳು, ಓದುಗ ಒಂದರಿಂದ ಇನ್ನೊಂದಕ್ಕೆ ಜಾಡು ಹಾಕಿ, ಆ ಜಾಡನ್ನೇ ಗೆಳೆಯನಿಗೆ ಕೊಡಬಹುದು. ಮೆಮೆಕ್ಸ್ ತಯಾರಾಗಲಿಲ್ಲ. 1960ರ ದಶಕದಲ್ಲಿ ಟೆಡ್ ನೆಲ್ಸನ್ ‘ಹೈಪರ್‌ಟೆಕ್ಸ್ಟ್’ ಎಂಬ ಹೆಸರನ್ನು ಟಂಕಿಸಿ, ಎರಡೂ ತುದಿಗಳಿಂದ ಕಾಣುವ ಕೊಂಡಿಗಳ ವ್ಯವಸ್ಥೆಯನ್ನು ರೂಪಿಸಲು ಹೊರಟರು. ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ವೆಬ್ ಕಟ್ಟಿದಾಗ ಆಯ್ದುಕೊಂಡದ್ದು ಏಕಮುಖ ಕೊಂಡಿಯನ್ನು. ಯಾರ ಅಪ್ಪಣೆಯೂ ಇಲ್ಲದೆ ಯಾರ ಪುಟಕ್ಕೆ ಬೇಕಾದರೂ ಕೊಂಡಿ ಹಾಕಬಹುದೆಂಬ ಆ ಸರಳತೆಯಿಂದಲೇ ವೆಬ್ ಜಗತ್ತನ್ನು ವ್ಯಾಪಿಸಿತು. ತನ್ನ ಪುಟಕ್ಕೆ ಯಾರು ಕೊಂಡಿ ಹಾಕಿದ್ದಾರೆಂದು ಬರೆದವನಿಗೆ ತಿಳಿಯದೆ ಹೋಗುವುದಕ್ಕೂ ಅದೇ ಕಾರಣ.

1990ರ ಕೊನೆಗೆ ಬರ್ನರ್ಸ್-ಲೀ ಸಿದ್ಧಪಡಿಸಿದ ಮೊದಲ ಬ್ರೌಸರಿನಲ್ಲಿ ಪುಟ ಓದುವುದರ ಜತೆಗೆ ಬರೆದು ತಿದ್ದಲೂ ಬರುತ್ತಿತ್ತು. 1993ರಲ್ಲಿ ಬಂದು ಜನಪ್ರಿಯವಾದ ಮೊಸಾಯಿಕ್‌ನಲ್ಲಿ ಉಳಿದದ್ದು ಓದು ಮಾತ್ರ. ಈ ಬದಲಾವಣೆಯ ಪರಿಣಾಮ ದೊಡ್ಡದು. ಬರೆಯುವ ಸಲಕರಣೆ ಬೇರೆಯಾದ ಮೇಲೆ ಪ್ರಕಟಣೆ ಎಂದರೆ ಮುಗಿದ ಬರಹವನ್ನು ಮೇಲೇರಿಸುವ ಕೆಲಸ ಎಂಬ ಭಾವನೆ ಬೇರೂರಿತು. ಅದನ್ನು ಮೊದಲು ಅಲುಗಾಡಿಸಿದ್ದು ವಾರ್ಡ್ ಕನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ತೆರೆದ ವಿಕಿವಿಕಿವೆಬ್. ಇದರಲ್ಲಿ ಯಾರು ಬೇಕಾದರೂ ಪುಟ ತಿದ್ದಬಹುದಿತ್ತು. ಇನ್ನೂ ಬರೆಯದ ಪುಟದ ಹೆಸರನ್ನು ವಾಕ್ಯದ ನಡುವೆ ಹಾಕಿದರೆ ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಮೂಡುತ್ತಿತ್ತು. ಅದನ್ನು ಒತ್ತಿದರೆ ಪುಟ ಬರೆಯಲು ಜಾಗ ತೆರೆದುಕೊಳ್ಳುತ್ತಿತ್ತು. ಬಾಕಿ ಇರುವುದನ್ನು ಮುಚ್ಚಿಡದೆ ಓದುಗನ ಕಣ್ಣೆದುರೇ ತೋರಿಸುವ ಗುಣ ಡಿಜಿಟಲ್ ತೋಟಕ್ಕೆ ಬಂದದ್ದು ಲೂಮನ್‌ನ ಪೆಟ್ಟಿಗೆಗಿಂತ ಹೆಚ್ಚಾಗಿ ಈ ಪುಟ್ಟ ಚಿಹ್ನೆಯಿಂದ ಎನ್ನಬೇಕು.

ತೋಟದ ರೂಪಕವನ್ನು ಮೊದಲು ವಿಸ್ತಾರವಾಗಿ ಬೆಳೆಸಿದವರಲ್ಲಿ ಮಾರ್ಕ್ ಬರ್ನ್‌ಸ್ಟೀನ್ ಪ್ರಮುಖರು. ಅಮೆರಿಕದ ಈಸ್ಟ್‌ಗೇಟ್ ಸಂಸ್ಥೆಯ ಮೂಲಕ ಹೈಪರ್‌ಟೆಕ್ಸ್ಟ್ ಕೃತಿಗಳನ್ನು ಪ್ರಕಟಿಸುತ್ತಿದ್ದ ಅವರು 1998ರಲ್ಲಿ ‘ಹೈಪರ್‌ಟೆಕ್ಸ್ಟ್ ಗಾರ್ಡನ್ಸ್’ ಎಂಬ ಪ್ರಬಂಧ ಬರೆದರು. ಕೊಂಡಿಗಳ ನಡುವೆ ಓದುಗ ದಾರಿ ತಪ್ಪುತ್ತಾನೆಂಬ ಭಯ ಆಗ ಎಲ್ಲೆಡೆ ಇತ್ತು. ಅದರಿಂದಾಗಿ ಜಾಲತಾಣಗಳು ಕಟ್ಟುನಿಟ್ಟಾದ ಮೆನುಗಳ ಮೊರೆ ಹೋಗಿದ್ದವು. ಕಾಡಿನ ಗೊಂದಲಕ್ಕೂ ಕಟ್ಟಡದ ಬಿಗುವಿಗೂ ನಡುವೆ, ಯೋಜಿಸಿದ್ದೂ ಆದರೆ ಅಡ್ಡಾಡಲು ಬಿಡುವುದೂ ಆದ ಒಂದು ನೆಲೆ ಸಾಧ್ಯವೆಂಬುದು ಬರ್ನ್‌ಸ್ಟೀನ್ ಅವರ ವಾದ.

ಆದರೆ ಆಮೇಲಿನ ಕಾಲ ಬ್ಲಾಗಿನದಾಯಿತು. ‘ವೆಬ್‌ಲಾಗ್’ ಎಂಬ ಹೆಸರು 1997ರದು. 1999ರಲ್ಲಿ ಬ್ಲಾಗರ್, 2001ರಲ್ಲಿ ಮೂವಬಲ್ ಟೈಪ್, 2003ರಲ್ಲಿ ವರ್ಡ್‌ಪ್ರೆಸ್ ಬಂದವು. ತಂತ್ರಾಂಶಜ್ಞಾನ ಇಲ್ಲದವರೂ ಬರೆಯುವಂತಾದದ್ದು ಇವುಗಳ ದೊಡ್ಡ ಉಪಕಾರ. ಜತೆಗೆ ಹೊಸದು ಮೇಲೆ, ಹಳೆಯದು ಕೆಳಗೆ ಎಂಬ ಒಂದೇ ಅಚ್ಚು ಎಲ್ಲರ ಮೇಲೂ ಕೂತಿತು. ಅದಕ್ಕೂ ಮುಂಚಿನ ವೈಯಕ್ತಿಕ ಪುಟಗಳಲ್ಲಿ ಬಗೆಬಗೆಯ ವಿನ್ಯಾಸಗಳಿದ್ದವು. ಅಂಥ ಪುಟಗಳ ದೊಡ್ಡ ನೆಲೆಯಾಗಿದ್ದ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿತು. 2006ರಲ್ಲಿ ಫೇಸ್‌ಬುಕ್ಕಿನ ನ್ಯೂಸ್ ಫೀಡ್ ಮತ್ತು ಟ್ವಿಟರ್ ಆರಂಭವಾದ ಮೇಲೆ ಒಂದು ಬರಹದ ಆಯುಸ್ಸು ಗಂಟೆಗಳ ಲೆಕ್ಕಕ್ಕೆ ಇಳಿಯಿತು.

ಈ ಪಲ್ಲಟವನ್ನು ಸ್ಪಷ್ಟವಾಗಿ ಹೆಸರಿಸಿದವರು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ವ್ಯಾಂಕೂವರ್ ಆವರಣದಲ್ಲಿದ್ದ ಮೈಕ್ ಕಾಲ್‌ಫೀಲ್ಡ್. 2015ರ ಅಕ್ಟೋಬರಿನ ಅವರ ಭಾಷಣದ ಶೀರ್ಷಿಕೆಯಲ್ಲೇ ತೋಟ ಮತ್ತು ಹೊಳೆ ಎದುರುಬದುರಾಗಿ ನಿಂತಿದ್ದವು. ಹೊಳೆಯಲ್ಲಿ ಪ್ರತಿ ಮಾತೂ ಹಿಂದಿನ ಮಾತಿಗೆ ಉತ್ತರ. ಆ ವಾಗ್ವಾದದ ಸಂದರ್ಭ ಗೊತ್ತಿಲ್ಲದವನಿಗೆ ಅದು ದಕ್ಕದು. ತೋಟದಲ್ಲಿ ಪ್ರತಿ ಪುಟವೂ ತನ್ನಷ್ಟಕ್ಕೆ ಅರ್ಥವಾಗಬೇಕು, ಬೇರೆ ಬೇರೆ ದಾರಿಗಳಿಂದ ಬಂದವರಿಗೆ ಬೇರೆ ಬೇರೆ ನಂಟುಗಳನ್ನು ತೋರಿಸಬೇಕು. ಕಾಲ್‌ಫೀಲ್ಡ್ ಆಗ ಕನಿಂಗ್‌ಹ್ಯಾಮ್ ಅವರ ಫೆಡರೇಟೆಡ್ ವಿಕಿಯಲ್ಲಿ ಬರೆಯುತ್ತಿದ್ದರು. ಭಾಷಣ ಆ ಅನುಭವದಿಂದ ಬಂದದ್ದು.

ಅವರ ಮಾತು ಚಳವಳಿಯಾಗಲು ಮೂರು ನಾಲ್ಕು ವರ್ಷ ಹಿಡಿಯಿತು. ಟಾಮ್ ಕ್ರಿಚ್ಲೋ, ಜೋಯೆಲ್ ಹುಕ್ಸ್ ಮೊದಲಾದವರು ತಮ್ಮ ತಾಣಗಳನ್ನೇ ತೋಟವೆಂದು ಕರೆದುಕೊಂಡರು. ಹಿಂದೆ ಆಪಲ್ ಮತ್ತು ಖಾನ್ ಅಕಾಡೆಮಿಯಲ್ಲಿದ್ದ ಆಂಡಿ ಮಟುಶಾಕ್ ಅವರ ಟಿಪ್ಪಣಿ ತಾಣದಲ್ಲಿ ಕೊಂಡಿ ಒತ್ತಿದರೆ ಹೊಸ ಪುಟ ಹಳೆಯದರ ಮಗ್ಗುಲಲ್ಲೇ ತೆರೆಯುತ್ತದೆ. ಓದುಗ ಬಂದ ದಾರಿಯೆಲ್ಲ ತೆರೆಯ ಮೇಲೆ ಉಳಿಯುತ್ತದೆ. ವಿನ್ಯಾಸಕಿ ಮ್ಯಾಗಿ ಆಪಲ್ಟನ್ 2020ರಲ್ಲಿ ಈ ಪದ್ಧತಿಯ ಇತಿಹಾಸವನ್ನೂ ಧೋರಣೆಯನ್ನೂ ಸಂಗ್ರಹಿಸಿ ಬರೆದ ಪ್ರಬಂಧ ಹೊಸಬರ ಕೈಪಿಡಿಯಾಯಿತು. ಪುಟಗಳಿಗೆ ಸಸಿ, ಮೊಗ್ಗು, ನಿತ್ಯಹಸಿರು ಎಂಬ ಗುರುತು ಹಚ್ಚುವ ಕ್ರಮ ಅವರ ತಾಣದಿಂದ ಬಹಳ ಕಡೆ ಹರಡಿತು. ಗ್ವರ್ನ್ ಎಂಬ ಅಂಕಿತದ ಲೇಖಕರು 2010ರಿಂದ ನಡೆಸುತ್ತಿರುವ ತಾಣದಲ್ಲಿ ಪುಟ ಎಷ್ಟು ಮುಗಿದಿದೆ, ಬರೆದವರಿಗೆ ಅದರಲ್ಲಿ ಎಷ್ಟು ನಂಬಿಕೆಯಿದೆ ಎಂಬುದನ್ನೂ ನಮೂದಿಸುವ ರೂಢಿಯಿದೆ. ಇಂಥ ಗುರುತುಗಳು ಅಲಂಕಾರಕ್ಕೆ ಇರುವಂಥವಲ್ಲ. ಅರೆಬರೆ ವಿಚಾರವನ್ನು ಪ್ರಕಟಿಸುವವನು ಓದುಗನಿಗೆ ಸಲ್ಲಿಸಲೇಬೇಕಾದ ಪ್ರಾಮಾಣಿಕತೆ ಅವುಗಳಲ್ಲಿದೆ. ಅವಿಲ್ಲದ ತೋಟದಲ್ಲಿ ನಿನ್ನೆಯ ಊಹೆಯೂ ಹತ್ತು ವರ್ಷದ ಅಧ್ಯಯನವೂ ಒಂದೇ ತೂಕದ್ದಾಗಿ ಕಾಣುತ್ತವೆ.

ಸಲಕರಣೆಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಜೆರೆಮಿ ರಸ್ಟನ್ 2004ರಲ್ಲಿ ಮಾಡಿದ ಟಿಡ್ಲಿವಿಕಿಯಲ್ಲಿ ಇಡೀ ಟಿಪ್ಪಣಿ ಸಂಗ್ರಹ ಒಂದೇ ಕಡತದಲ್ಲಿ ಅಡಗುತ್ತದೆ. ಅದೇ ವರ್ಷ ಜಾನ್ ಗ್ರೂಬರ್ ಸಾದಾ ಪಠ್ಯದಲ್ಲೇ ಶೀರ್ಷಿಕೆ, ಕೊಂಡಿಗಳನ್ನು ಗುರುತಿಸುವ ಮಾರ್ಕ್‌ಡೌನ್ ಎಂಬ ಬರಹ ಕ್ರಮವನ್ನು ಪ್ರಕಟಿಸಿದರು. 2008ರಲ್ಲಿ ಬಂದ ಜೆಕಿಲ್ ಸಾದಾ ಪಠ್ಯ ಕಡತಗಳಿಂದ ತಾಣ ಕಟ್ಟಿಕೊಡತೊಡಗಿತು. ರೋಮ್ ರಿಸರ್ಚ್ ಮತ್ತು 2020ರಲ್ಲಿ ಬಂದ ಒಬ್ಸಿಡಿಯನ್ ಎಂಬ ಟಿಪ್ಪಣಿ ತಂತ್ರಾಂಶಗಳು ಬ್ಯಾಕ್‌ಲಿಂಕನ್ನು, ಎಂದರೆ ಈ ಪುಟಕ್ಕೆ ಬೇರೆ ಯಾವ ಪುಟಗಳಿಂದ ಕೊಂಡಿ ಬಂದಿದೆ ಎಂಬ ಪಟ್ಟಿಯನ್ನು, ಸಾಮಾನ್ಯ ಬಳಕೆದಾರರ ಕೈಗೆ ತಂದವು. ನೆಲ್ಸನ್ ಬಯಸಿದ ಇಮ್ಮುಖ ಕೊಂಡಿ ಇಡೀ ವೆಬ್ಬಿಗೆ ದಕ್ಕದೆ, ಎಲ್ಲ ಪುಟಗಳೂ ಒಬ್ಬರದೇ ಆಗಿರುವ ತಾಣದೊಳಗೆ ಸುಲಭವಾಗಿ ದಕ್ಕಿತು. ತಾಣದಿಂದ ತಾಣಕ್ಕೆ ಇಂಥ ಸುದ್ದಿ ಮುಟ್ಟಿಸುವ ವೆಬ್‌ಮೆನ್ಷನ್ ಎಂಬ ಮಾನಕ 2017ರಲ್ಲಿ ಅಂಗೀಕೃತವಾದರೂ ಅದರ ಬಳಕೆ ಸಣ್ಣ ವಲಯವನ್ನು ದಾಟಿಲ್ಲ.

ಆಕ್ಷೇಪಗಳೂ ಇವೆ. ಪುಟ ಬದಲಾಗುತ್ತಲೇ ಇದ್ದರೆ ಅದನ್ನು ಉಲ್ಲೇಖಿಸಿದವನ ಗತಿ ಏನು? ಗಿಟ್ ಎಂಬ ತಂತ್ರಾಂಶದಲ್ಲಿ ತಿದ್ದುಪಡಿಗಳ ದಾಖಲೆ ಇಟ್ಟವರು ಇದಕ್ಕೆ ಉತ್ತರ ಕೊಡಬಲ್ಲರು, ಎಲ್ಲರೂ ಇಟ್ಟಿರುವುದಿಲ್ಲ. ಕಾಲಕಾಲಕ್ಕೆ ಡೊಮೇನ್ ಶುಲ್ಕ ಕಟ್ಟುವವರು ಇಲ್ಲವಾದ ಮೇಲೆ ತೋಟ ಅಳಿದುಹೋಗುತ್ತದೆಂಬುದು ಇನ್ನೂ ಗಂಭೀರವಾದ ಮಾತು. ಸಲಕರಣೆ ಹೊಂದಿಸುವುದರಲ್ಲೇ ಬರವಣಿಗೆಯ ಸಮಯ ಕಳೆಯುತ್ತದೆಂಬ ದೂರಿನಲ್ಲೂ ಸತ್ಯಾಂಶವಿದೆ.

ಕನ್ನಡದಲ್ಲಿ ಟಿಪ್ಪಣಿಗಳನ್ನು ಹೀಗೆ ಪ್ರಕಟಿಸುವುದು ಕಾರ್ಯಸಾಧ್ಯವಾದದ್ದು ಯೂನಿಕೋಡ್ ಬಳಕೆ ಹರಡಿದ ಮೇಲೆ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೂ ಆರಂಭದ ಕನ್ನಡ ತಾಣಗಳು ತಮ್ಮ ತಮ್ಮ ಫಾಂಟಿಗೆ ಕಟ್ಟುಬಿದ್ದ ಪಠ್ಯವನ್ನು ಬಳಸಿದ್ದರಿಂದ ಅವುಗಳಲ್ಲಿ ಹುಡುಕಲು ಬರುತ್ತಿರಲಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, ಅದೇ ದಶಕದಲ್ಲಿ ಹುಟ್ಟಿದ ಕನ್ನಡ ಬ್ಲಾಗುಗಳು ಕೊಂಡಿ ಹಾಕಿ ಬರೆಯುವ ಅಭ್ಯಾಸ ಬೆಳೆಸಿದವು. ಇಂದಿನ ಟಿಪ್ಪಣಿ ತಂತ್ರಾಂಶಗಳಲ್ಲಿ ಕನ್ನಡಕ್ಕೆ ಒಂದು ನಿಜವಾದ ತೊಡಕಿದೆ. ಕೊಂಡಿಯಿಲ್ಲದ ಉಲ್ಲೇಖಗಳನ್ನು ಅವು ತಾವೇ ಹುಡುಕಿ ತೋರಿಸುವುದು ಪುಟದ ಹೆಸರು ಯಥಾವತ್ತಾಗಿ ಸಿಕ್ಕಾಗ. ‘ಕಾವೇರಿ’ ಪುಟಕ್ಕೆ ‘ಕಾವೇರಿಯಲ್ಲಿ’, ‘ಕಾವೇರಿಗೆ’ ಎಂಬ ರೂಪಗಳು ಬೇರೆಯೇ ಪದಗಳಂತೆ ಕಂಡರೆ, ‘ಮರ’ದ ಪುಟಕ್ಕೆ ‘ಮರದ’, ‘ಮರಕ್ಕೆ’, ‘ಮರಗಳು’ ಸೇರದೆ ಹೊರಗುಳಿಯುತ್ತವೆ. ಹಾಗಾಗಿ ಕನ್ನಡದಲ್ಲಿ ಬರೆಯುವವರು ಪುಟಕ್ಕೆ ಪರ್ಯಾಯ ಹೆಸರುಗಳನ್ನು ನಮೂದಿಸಬೇಕು, ಇಲ್ಲವೇ ಪ್ರತಿ ಕೊಂಡಿಯಲ್ಲೂ ಮೂಲ ರೂಪವನ್ನೂ ವಾಕ್ಯದಲ್ಲಿ ಕಾಣಬೇಕಾದ ರೂಪವನ್ನೂ ಪ್ರತ್ಯೇಕವಾಗಿ ಬರೆಯಬೇಕು. ವಿಭಕ್ತಿಗಳನ್ನು ಅರಿತು ಕೊಂಡಿ ಕೂಡಿಸುವ ಸೌಲಭ್ಯ ಈ ತಂತ್ರಾಂಶಗಳಿಗೆ ಸೇರಿದರೆ ಕನ್ನಡದ ಜತೆಗೆ ತಮಿಳು, ತೆಲುಗು, ಮಲಯಾಳದಲ್ಲಿ ಬರೆಯುವವರಿಗೂ ಈ ಕೈಕೆಲಸ ತಪ್ಪುತ್ತದೆ.