ಬೃಹತ್‌ಶಿಲಾ ಸಮಾಧಿಗಳ ಅಧ್ಯಯನ, ಕರ್ನಾಟಕದಲ್ಲಿ

ದೊಡ್ಡ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಸುತ್ತ ಗುಂಡುಗಳ ವೃತ್ತ ಇಟ್ಟು ಕಟ್ಟಿದ ಪ್ರಾಚೀನ ಗೋರಿಗಳಿಗೂ ಸ್ಮಾರಕಗಳಿಗೂ ಬೃಹತ್‌ಶಿಲಾ ಸಮಾಧಿಗಳೆಂದು ಹೆಸರು. ಕರ್ನಾಟಕದಲ್ಲಿ ಇವು ಬಹುಪಾಲು ಕಬ್ಬಿಣ ಯುಗಕ್ಕೆ ಸೇರಿದವು. ಅಗೆದಾಗ ಸಾಮಾನ್ಯವಾಗಿ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು, ಮೂಳೆಗಳು ಸಿಗುತ್ತವೆ. ಎಷ್ಟೋ ಗೋರಿಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿರುತ್ತದೆ. ಊರವರ ಬಾಯಲ್ಲಿ ಇವು ಪಾಂಡವರ ಗುಡಿ, ಮೋರೇರ ಮನೆ. ವನವಾಸದ ಪಾಂಡವರು ತಂಗಿದ ಜಾಗವೆಂದು ಒಂದು ಸೀಮೆಯವರು ಹೇಳಿದರೆ, ಮೋರೇರೆಂಬ ಗಿಡ್ಡ ಜನ ಕಟ್ಟಿಕೊಂಡ ಮನೆಗಳೆಂದು ಇನ್ನೊಂದು ಸೀಮೆಯವರು ಹೇಳುತ್ತಾರೆ. ಐರ್ಲೆಂಡಿನ ಹಳ್ಳಿಗರು ತಮ್ಮ ಹೊಲಗಳಲ್ಲಿರುವ ಇಂಥವೇ ಕಲ್ಮನೆಗಳನ್ನು ದಿಯರ್ಮುಯಿದ್ ಮತ್ತು ಗ್ರಾನ್ಯ ಎಂಬ ಪ್ರೇಮಿಗಳು ಓಡಿಹೋಗುವಾಗ ಮಲಗಿದ ಹಾಸಿಗೆಗಳೆಂದು ಕರೆದರು. ಇಲ್ಲಿ ಐರ್ಲೆಂಡಿನ ಮಾತು ಬರಲು ಕಾರಣವಿದೆ. ಕರ್ನಾಟಕದ ಕಲ್ಗೋರಿಗಳ ಬಗೆಗಿನ ಮೊದಲ ದೊಡ್ಡ ಪ್ರಬಂಧಗಳಲ್ಲೊಂದು ಅಚ್ಚಾದದ್ದು ಡಬ್ಲಿನ್ ನಗರದಲ್ಲಿ.

ಅದನ್ನು ಬರೆದವನು ಫಿಲಿಪ್ ಮೆಡೋಸ್ ಟೇಲರ್. ಹೈದರಾಬಾದ್ ನಿಜಾಮನ ಸೇವೆಯಲ್ಲಿದ್ದ ಈ ಅಧಿಕಾರಿ 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ. ಅವನಿದ್ದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಇಂದಿಗೂ ಇದೆ. ಕಾದಂಬರಿಕಾರನೆಂದು ಹೆಸರಾದ ಇವನು ರಾಜನಕೋಳೂರಿನ ಕಲ್ಮನೆಗಳನ್ನು ಅಳೆದ. ಜೇವರ್ಗಿಯ ಕಲ್ಗುಪ್ಪೆಗಳನ್ನು ಅಗೆಸಿದ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಬಂಡೆಗಳನ್ನು ದಾಖಲಿಸಿದ. ನಿವೃತ್ತಿಯ ನಂತರ ಡಬ್ಲಿನ್ನಿನಲ್ಲಿ ನೆಲೆಸಿ, 1860ರ ದಶಕದಲ್ಲಿ ಈ ಟಿಪ್ಪಣಿಗಳನ್ನೆಲ್ಲ ರಾಯಲ್ ಐರಿಶ್ ಅಕಾಡೆಮಿಯ ಮುಂದಿಟ್ಟ. ನಮ್ಮ ನೆಲದ ಗೋರಿಗಳನ್ನು ಆ ಪ್ರಬಂಧದ ಶೀರ್ಷಿಕೆಯೇ 'ಕೆಲ್ಟಿಕ್, ಡ್ರೂಯಿಡಿಕ್ ಅಥವಾ ಸಿಥಿಯನ್' ಸ್ಮಾರಕಗಳೆಂದು ಕರೆಯಿತು.

ಟೇಲರ್ ಬಿಟ್ಟುಹೋದದ್ದರಲ್ಲಿ ಬೆಲೆಬಾಳುವುದು ಅವನ ಸೀಳುನೋಟದ ಚಿತ್ರಗಳು. ಗುಂಡಿಯನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸಿ, ಯಾವ ಪದರದಲ್ಲಿ ಮಣ್ಣು, ಯಾವುದರಲ್ಲಿ ಕಲ್ಲು, ಎಲ್ಲಿ ಮೂಳೆ, ಎಲ್ಲಿ ಮಡಕೆ ಎಂದು ಬರೆದಿಟ್ಟ. ಗೋರಿ ಅಗೆಯುವುದೆಂದರೆ ಒಳಗಿನ ವಸ್ತುವನ್ನು ಎತ್ತಿಕೊಳ್ಳುವುದು ಎಂದೇ ಅನೇಕರು ತಿಳಿದಿದ್ದ ಕಾಲ ಅದು. ಸುಮಾರು ನೂರು ವರ್ಷಗಳ ನಂತರ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ತನ್ನ ಪುಸ್ತಕದಲ್ಲಿ ಈ ಚಿತ್ರಗಳನ್ನು ಮೆಚ್ಚಿ ನೆನೆದ. ಟೇಲರ್ ಎಡವಿದ್ದು ಪ್ರಶ್ನೆಯಲ್ಲಿ. ಕಟ್ಟಿದ ಜನ ಎಲ್ಲಿಂದ ಬಂದರು ಎಂದೇ ಅವನು ಕೇಳಿದ, ಉತ್ತರಕ್ಕೆ ರೂಪದ ಹೋಲಿಕೆಯನ್ನು ನಂಬಿದ. ಆ ಹೋಲಿಕೆ ಕಾಲದ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಐರ್ಲೆಂಡಿನ ಕ್ಲೇರ್ ಸೀಮೆಯ ಪೌಲ್ನಬ್ರೋನ್ ಕಲ್ಮನೆಯನ್ನು 1980ರ ದಶಕದಲ್ಲಿ ಅಗೆದಾಗ ಅಲ್ಲಿನ ಮೂಳೆಗಳು ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದ ಆಸುಪಾಸಿನವೆಂದು ತಿಳಿಯಿತು. ಅದನ್ನು ಕಟ್ಟಿದವರಿಗೆ ಕಬ್ಬಿಣವೇ ಗೊತ್ತಿರಲಿಲ್ಲ. ನಮ್ಮ ಗೋರಿಗಳಿಗೂ ಅದಕ್ಕೂ ನಡುವೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಅಂತರವಿದೆ. ಚಪ್ಪಡಿಯಾಗಿ ಏಳುವ ಬಂಡೆ ಇದ್ದಲ್ಲಿ, ಸತ್ತವರನ್ನು ಮರೆಯಲೊಲ್ಲದ ಜನ ಇದ್ದಲ್ಲಿ, ಕಲ್ಮನೆ ತಾನಾಗಿಯೇ ಎದ್ದೀತು.

ಮೈಸೂರು ಸೀಮೆಯಲ್ಲಿ ಈ ಕೆಲಸ ಬೇರೆ ದಾರಿಯಿಂದ ಬೆಳೆಯಿತು. 1892ರಲ್ಲಿ ಬಿ. ಎಲ್. ರೈಸ್ ಬ್ರಹ್ಮಗಿರಿಯ ಸುತ್ತ ಅಶೋಕನ ಶಾಸನಗಳನ್ನು ಬೆಳಕಿಗೆ ತಂದ ಮೇಲೆ ಆ ಬೆಟ್ಟದ ತಪ್ಪಲು ವಿದ್ವಾಂಸರ ಕಣ್ಣಿಗೆ ಬಿತ್ತು. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಚಂದ್ರವಳ್ಳಿಯಲ್ಲೂ ಬ್ರಹ್ಮಗಿರಿಯಲ್ಲೂ ಅಗೆತ ನಡೆಸಿದರು. ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ನಡೆಸಿದ ಉತ್ಖನನವನ್ನು ಹೊಗಳುವ ಭರದಲ್ಲಿ ಕೃಷ್ಣರ ಹೆಸರನ್ನು ಬಿಟ್ಟುಬಿಡುವ ರೂಢಿ ಸರಿಯಲ್ಲ, ದಾರಿ ತೋರಿಸಿದವರು ಅವರು. ವೀಲರ್ ಕೊಟ್ಟದ್ದು ಪದರಗಳ ಸ್ಪಷ್ಟ ಕ್ರಮ: ಕೆಳಗೆ ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್‌ಶಿಲೆಯವರು, ಅದರ ಮೇಲೆ ಸಾತವಾಹನರ ಕಾಲ. ಆದರೆ ಬೃಹತ್‌ಶಿಲೆಯ ಆರಂಭವನ್ನು ಅವನು ಕ್ರಿ.ಪೂ. 200ರ ಸುಮಾರಿಗೆ ಇಟ್ಟ. ಅಷ್ಟು ಈಚೆಗೆ ತಂದದ್ದು ತಪ್ಪೆಂದು ತೋರಿಸಿದ್ದು ತುಂಗಭದ್ರೆಯ ದಡದ ಹಳ್ಳೂರು. 1965ರ ಸುಮಾರಿಗೆ ಎಂ. ಎಸ್. ನಾಗರಾಜರಾವ್ ಅಲ್ಲಿ ಅಗೆದಾಗ ನವಶಿಲಾಯುಗದ ಕೊನೆಯ ಪದರದಲ್ಲೇ ಕಬ್ಬಿಣ ಕಾಣಿಸಿಕೊಂಡಿತು. ಇಂಗಾಲದ ಕಾಲಗಣನೆ ಅದನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ಕಬ್ಬಿಣ ಹೊರಗಿನ ದಂಡಿನ ಜೊತೆ ಬಂತೆಂಬ ವಾದದ ಬುಡ ಸಡಿಲಿದ್ದು ಇಲ್ಲಿ. ಕಲ್ಲುಕೊಡಲಿ ಹಿಡಿದ ಊರಿನಲ್ಲೇ ಕಬ್ಬಿಣದ ಬಳಕೆಯೂ ಶುರುವಾಗಿತ್ತು.

ಧಾರವಾಡದ ಎ. ಸುಂದರ ಅವರು ಉತ್ತರ ಕರ್ನಾಟಕದ ಕಲ್ಮನೆಗಳನ್ನು ಊರೂರು ತಿರುಗಿ ನೋಡಿ, ರಚನೆಯ ಬಗೆಗಳನ್ನು ಬೇರ್ಪಡಿಸಿ, 1975ರಲ್ಲಿ ಗ್ರಂಥ ತಂದರು. ಯಾರು ಬಂದರು ಎಂಬುದನ್ನು ಬಿಟ್ಟು, ಹೇಗೆ ಕಟ್ಟಿದರು, ಕಲ್ಲನ್ನು ಎಲ್ಲಿಂದ ಎಬ್ಬಿಸಿದರು, ಎಲ್ಲಿ ವಾಸವಿದ್ದರು ಎಂದು ಕೇಳತೊಡಗಿದಾಗಲೇ ಈ ಅಧ್ಯಯನ ನಮ್ಮದಾಯಿತು.

ಬೆಂಗಳೂರಿನ ಸುತ್ತಲ ನೆಲಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ನಿಂತವರಿಗೆ ಕಾಣುವುದು ಹೊಸೂರು ರಸ್ತೆ, ಕಾರ್ಖಾನೆಗಳ ಶೆಡ್ಡುಗಳು, 2025ರಲ್ಲಿ ಬಂದ ಹಳದಿ ಮೆಟ್ರೋ ಮಾರ್ಗದ ಕೊನೆಯ ನಿಲ್ದಾಣ. ಆದರೆ ಸುತ್ತಲೂ ಗೋರಿಗಳ ನೆಲೆಗಳಿವೆ. ಇಲ್ಲಿಂದ ಈಶಾನ್ಯಕ್ಕೆ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಿದೆ. 1957ರಲ್ಲಿ ಎಂ. ಶೇಷಾದ್ರಿ ಅಲ್ಲಿನ ಬೃಹತ್‌ಶಿಲಾ ಗೋರಿಗಳನ್ನು ಅಗೆದು ಪ್ರತ್ಯೇಕ ವರದಿಯನ್ನೇ ಪ್ರಕಟಿಸಿದರು. ಪಶ್ಚಿಮಕ್ಕೆ ಸಾವನದುರ್ಗ, ಅದರ ತಪ್ಪಲಿನ ಗೋರಿಗಳ ಬಗ್ಗೆ ಬ್ರಾನ್‌ಫಿಲ್ ಎಂಬ ಅಧಿಕಾರಿ 1881ರಲ್ಲೇ ಬರೆದಿದ್ದ. ಹೊಸೂರು ದಾಟಿ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಶೂಲಗಿರಿಯ ಕಡೆ ಹೋದರೆ ಮಲ್ಲಸಂದ್ರದ ಗುಡ್ಡದ ತುಂಬ ಕಲ್ಮನೆಗಳು, ಹೆಸರಿನಲ್ಲೇ ಬೊಮ್ಮಸಂದ್ರದ ಒಡಹುಟ್ಟು. ಅದೇ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಕಬ್ಬಿಣ ಸಿಕ್ಕ ಪದರದ ಕಾಲ ಕ್ರಿ.ಪೂ. 2172 ಎಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ಹಳ್ಳೂರಿನ ಲೆಕ್ಕಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನ ಈ ಕಾಲ ಒಂದು ನೆಲೆಯಿಂದ ಮಾತ್ರ ಸ್ಥಿರವಾಗದು, ಸುತ್ತಲಿನ ಇನ್ನಷ್ಟು ನೆಲೆಗಳನ್ನು ಅಗೆದು ನೋಡಬೇಕು. ಆ ನೆಲೆಗಳು ಇರುವುದು ಜಲ್ಲಿ ಕ್ರಷರುಗಳೂ ಹೊಸ ಬಡಾವಣೆಗಳೂ ಹರಡುತ್ತಿರುವ ಇದೇ ಪಟ್ಟಿಯಲ್ಲಿ. ಮೋರೇರ ಮನೆಯ ಚಪ್ಪಡಿಯೂ ಕಾಂಪೌಂಡಿಗೆ ಬೇಕಾದ ಚಪ್ಪಡಿಯೂ ಒಂದೇ ಕಣಶಿಲೆ.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ನೂರಾರು ಕಲ್ಮನೆಗಳು ಗುಡ್ಡದ ನೆತ್ತಿಯಲ್ಲಿ, ಏರಲು ಕಷ್ಟವಾದ ಜಾಗದಲ್ಲಿ ಉಳಿದಿವೆ. 2021ರಲ್ಲಿ ಅವು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಬಯಲಿನ ಗೋರಿಗಳಿಗೆ ಆ ಎತ್ತರದ ಕಾವಲಿಲ್ಲ. ಆನೇಕಲ್, ಹೊಸಕೋಟೆ, ಮಾಲೂರಿನ ಕಡೆ ನೆಲ ಸಮ ಮಾಡಿಸುವಾಗ ಗುಂಡುಗಳ ವೃತ್ತವೋ, ಒಳಗೆ ಕಪ್ಪು ಹೊರಗೆ ಕೆಂಪಾದ ಮಡಕೆಯ ಚೂರೋ ಕಂಡರೆ ಜೆಸಿಬಿಯನ್ನು ಅಲ್ಲೇ ನಿಲ್ಲಿಸಿ, ರಾಜ್ಯ ಪುರಾತತ್ವ ಇಲಾಖೆಗೆ ಒಂದು ಮಾತು ತಿಳಿಸಿ.