ಮೈಯೊಳಗೆ ಹೋಗದೆ ಅಳೆಯುವ ಬಿಸಿ: ಮುತ್ತೋರೆಯ ಗುಡ್ಡ ಮತ್ತು ಮನುಷ್ಯನ ಮೈ

ಉದಕಮಂಡಲದ ಪಕ್ಕದ ಮುತ್ತೋರೆಯಲ್ಲಿ ಒಂದು ಗುಡ್ಡವಿದೆ. ಅದರ ಇಳಿಜಾರಿನುದ್ದಕ್ಕೂ 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೋ ದೂರದರ್ಶಕ ಚಾಚಿಕೊಂಡಿದೆ. ಅದರಲ್ಲಿ ಗಾಜೂ ಇಲ್ಲ, ಮಸೂರವೂ ಇಲ್ಲ. 24 ಉಕ್ಕಿನ ಕಮಾನುಗಳ ಮೇಲೆ ಒಂದರ ಪಕ್ಕ ಒಂದರಂತೆ ಬಿಗಿದ ಸುಮಾರು 1100 ಸ್ಟೇನ್‌ಲೆಸ್ ಸ್ಟೀಲ್ ತಂತಿಗಳೇ ಅದರ ಕನ್ನಡಿ. ಆಕಾಶದಿಂದ ಬಂದ ಅಲೆಗಳನ್ನು ಆ ತಂತಿಗಳು 1056 ಪುಟ್ಟ ಆಂಟೆನಾಗಳ ಸಾಲಿನತ್ತ ತಿರುಗಿಸುತ್ತವೆ. 1970ರಿಂದ ಈ ಯಂತ್ರ ಎಟುಕದಷ್ಟು ದೂರದ ವಸ್ತುಗಳು ಹೊರಸೂಸುವ ರೇಡಿಯೋ ಅಲೆಗಳನ್ನು ಅಳೆಯುತ್ತಿದೆ. ರೋಗಿಯ ಜ್ವರವನ್ನು ಮೈಕ್ರೋವೇವ್‌ನಿಂದ ಅಳೆಯುವ ಉಪಕರಣ ಹುಟ್ಟಿದ್ದೂ ಇದೇ ವಿದ್ಯೆಯಿಂದ. ಮುತ್ತೋರೆಯಲ್ಲಿ ಯಾವ ರೋಗಿಯ ಮೈಯನ್ನೂ ಅಳೆದಿಲ್ಲ, ನಿಜ. ಆದರೆ ಆ ಉಪಕರಣದ ಪೂರ್ವಕಥೆ ತಿಳಿಯಬೇಕಾದರೆ ಈ ಗುಡ್ಡದಷ್ಟು ಒಳ್ಳೆಯ ಜಾಗ ನಮ್ಮ ಸುತ್ತಮುತ್ತ ಬೇರೆ ಸಿಗದು.

ನೀಲಗಿರಿಗೆ ಮೂಲ ವಿಜ್ಞಾನ ಬಂದದ್ದು ಅದಕ್ಕೂ ಮೊದಲೇ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1950ರ ದಶಕದಲ್ಲೇ ಊಟಿಯಲ್ಲಿ ವಿಶ್ವಕಿರಣಗಳ ಅಧ್ಯಯನ ಆರಂಭಿಸಿತ್ತು. ಆ ಕೆಲಸದಲ್ಲಿ ಮುಂದಾಳಾಗಿದ್ದವರು ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್, ಮುಂದೆ ಅವರೇ ಸಂಸ್ಥೆಯ ನಿರ್ದೇಶಕರೂ ಆದರು.

1963ರಲ್ಲಿ ಆ ಸಂಸ್ಥೆಯ ಸ್ಥಾಪಕ ಹೋಮಿ ಭಾಭಾ ಅವರ ಕರೆಗೆ ಓಗೊಟ್ಟು ಅಮೆರಿಕದಿಂದ ಮರಳಿದ ರೇಡಿಯೋ ಖಗೋಳಜ್ಞ ಗೋವಿಂದ ಸ್ವರೂಪ್ ದಕ್ಷಿಣ ಭಾರತದಲ್ಲಿ ಒಂದು ವಿಶೇಷ ಗುಡ್ಡವನ್ನು ಹುಡುಕಿಸಿದರು. ಅದು ಉತ್ತರ–ದಕ್ಷಿಣವಾಗಿ ಇಳಿದಿರಬೇಕು. ಇಳಿಜಾರಿನ ಕೋನ ಆ ಊರಿನ ಅಕ್ಷಾಂಶದಷ್ಟೇ ಇರಬೇಕು. ಹಾಗಿದ್ದರೆ ದೂರದರ್ಶಕದ ಉದ್ದನೆಯ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗುತ್ತದೆ. ಆಗ ಒಂದೇ ಅಕ್ಷದ ಸುತ್ತ ಮೆಲ್ಲಗೆ ಹೊರಳಿಸಿದರೆ ಸಾಕು, ಒಂದು ಆಕಾಶಕಾಯವನ್ನು ಸುಮಾರು ಒಂಬತ್ತೂವರೆ ಗಂಟೆ ಬಿಡದೆ ಹಿಂಬಾಲಿಸಬಹುದು. ಮುತ್ತೋರೆಯಲ್ಲಿ ಸಿಕ್ಕ ಇಳಿಜಾರು ಸುಮಾರು 11 ಡಿಗ್ರಿ. ದುಬಾರಿ ಯಂತ್ರಭಾಗಗಳು ಮಾಡಬೇಕಿದ್ದ ಕೆಲಸವನ್ನು ನೆಲವೇ ಮಾಡಿಕೊಟ್ಟಿತು. ವಿದೇಶಿ ವಿನಿಮಯಕ್ಕೆ ಪರದಾಡುತ್ತಿದ್ದ ದೇಶದಲ್ಲಿ ಹೊಳೆದ ಈ ಉಪಾಯ ಇಪ್ಪತ್ತನೆಯ ಶತಮಾನದ ಭಾರತೀಯ ಎಂಜಿನಿಯರಿಂಗ್‌ನ ಅತ್ಯಂತ ಸುಂದರ ಯೋಚನೆಗಳಲ್ಲಿ ಒಂದು.

ರೇಡಿಯೋ ಅಲೆಗೂ ಬಿಸಿಗೂ ಏನು ಸಂಬಂಧ? 1928ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ಸನ್ ಮತ್ತು ನೈಕ್ವಿಸ್ಟ್ ಒಂದು ಸಂಗತಿಯನ್ನು ತೋರಿಸಿಕೊಟ್ಟರು: ಬೆಚ್ಚಗಿರುವ ಯಾವುದೇ ವಿದ್ಯುತ್ ರೋಧಕದಲ್ಲಿ ಸಣ್ಣ ಗದ್ದಲವೊಂದು ಸದಾ ಇರುತ್ತದೆ, ಅದರ ಶಕ್ತಿ ತಾಪಕ್ಕೆ ನೇರ ಅನುಪಾತದಲ್ಲಿರುತ್ತದೆ. ಆಕಾಶದತ್ತ ಮುಖಮಾಡಿದ ಆಂಟೆನಾಕ್ಕೂ ಇದೇ ನಿಯಮ. ಹಾಗಾಗಿ ರೇಡಿಯೋ ಖಗೋಳಜ್ಞರು ಗದ್ದಲವನ್ನು ಕೆಲ್ವಿನ್‌ನಲ್ಲೇ ಲೆಕ್ಕ ಹಾಕುತ್ತಾರೆ. ಮನುಷ್ಯನ ಮೈಯೂ ಬೆಚ್ಚಗಿನ ವಸ್ತುವೇ: 37 ಡಿಗ್ರಿ ಸೆಲ್ಸಿಯಸ್ ಎಂದರೆ 310 ಕೆಲ್ವಿನ್. 100 ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿ ಅದು ಕೊಡುವ ಶಕ್ತಿ ಒಂದು ವ್ಯಾಟ್‌ನ ಲಕ್ಷ ಕೋಟಿಯಲ್ಲಿ ಅರ್ಧ ಪಾಲಿಗಿಂತಲೂ ಕಡಿಮೆ. ಜ್ವರವನ್ನು ಪತ್ತೆಹಚ್ಚಬೇಕಾದರೆ ಇಷ್ಟು ಕ್ಷೀಣವಾದ ಶಕ್ತಿಯಲ್ಲಿ ಮೂರು ಸಾವಿರದಲ್ಲಿ ಒಂದು ಪಾಲಿನ ವ್ಯತ್ಯಾಸವನ್ನು ಗುರುತಿಸಬೇಕು.

ಆದರೆ ಆಂಪ್ಲಿಫೈಯರ್ ತಾನೇ ಅದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಗಳಿಗೆಗೊಮ್ಮೆ ತೂಕದ ಕಲ್ಲು ಬದಲಾಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ಇದಕ್ಕೆ ದಾರಿ ತೋರಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಡಿಕಿ. ಯುದ್ಧಕಾಲದ ರೇಡಾರ್ ಪ್ರಯೋಗಾಲಯದಲ್ಲಿ ಕಟ್ಟಿದ ಗ್ರಾಹಕದ ವಿವರವನ್ನು ಅವರು 1946ರಲ್ಲಿ ಪ್ರಕಟಿಸಿದರು. ಅದು ಒಮ್ಮೆ ಆಂಟೆನಾವನ್ನು, ಮರುಕ್ಷಣ ತಾಪ ಗೊತ್ತಿರುವ ಒಂದು ವಸ್ತುವನ್ನು ನೋಡುತ್ತ, ಬೇಗಬೇಗನೆ ಅದಲುಬದಲಾಗುತ್ತಿರುತ್ತದೆ; ಎರಡರ ವ್ಯತ್ಯಾಸವನ್ನಷ್ಟೇ ಉಳಿಸಿಕೊಳ್ಳುತ್ತದೆ. ಅದೇ ವರ್ಷ ಇಂಥ ಗ್ರಾಹಕದಿಂದ ಚಂದ್ರನ ತಾಪವನ್ನೂ ಅಳೆದರು.

1975ರಲ್ಲಿ ಈ ವಿದ್ಯೆ ಎರಡು ದಿಕ್ಕಿನಲ್ಲಿ ಫಲ ಕೊಟ್ಟಿತು. ಚಂದ್ರನ ಅಂಚು ದೂರದ ರೇಡಿಯೋ ಮೂಲಗಳನ್ನು ಮರೆಮಾಡುವ ಕ್ಷಣಗಳನ್ನು ಮುತ್ತೋರೆಯಲ್ಲಿ ದಾಖಲಿಸಿ ಅವುಗಳ ಗಾತ್ರ ಅಳೆದಿದ್ದ ಸ್ವರೂಪ್ ಮತ್ತು ವಿಜಯ್ ಕಪಾಹಿ, ವಿಶ್ವ ಕಾಲದೊಡನೆ ಬದಲಾಗುತ್ತ ಬಂದಿದೆ ಎಂಬುದಕ್ಕೆ ಪುರಾವೆ ಮಂಡಿಸಿದರು. ಅತ್ತ ಎಂಐಟಿಯಲ್ಲಿ ಆಲನ್ ಬ್ಯಾರೆಟ್ ಮತ್ತು ಫಿಲಿಪ್ ಮೈಯರ್ಸ್, ಸುಮಾರು 3 ಗಿಗಾಹರ್ಟ್ಸ್‌ನ ಗ್ರಾಹಕವನ್ನು ಮನುಷ್ಯನ ಚರ್ಮಕ್ಕೆ ಆನಿಸಿ ಒಳಗಿನ ಬಿಸಿಯನ್ನು ಅಳೆಯುವ ವಿಧಾನ ಪ್ರಕಟಿಸಿದರು. ಬ್ಯಾರೆಟ್ ವೈದ್ಯರಲ್ಲ, 1963ರಲ್ಲಿ ನಕ್ಷತ್ರಗಳ ನಡುವಿನ ಅವಕಾಶದಲ್ಲಿ ಹೈಡ್ರಾಕ್ಸಿಲ್ ಅಣುವನ್ನು ಪತ್ತೆಹಚ್ಚಿದ ತಂಡದ ರೇಡಿಯೋ ಖಗೋಳಜ್ಞ. ಮುಂದೆ ಅವರ ತಂಡ ಇದೇ ಉಪಕರಣದಿಂದ ಸ್ತನ ಕ್ಯಾನ್ಸರಿನ ಗಂಟುಗಳ ಬಿಸಿಯನ್ನು ಹುಡುಕಿತು.

ಒಳಗಿನ ಬಿಸಿ ಎಂಬುದೇ ಇಲ್ಲಿ ಮುಖ್ಯ. 2020ರ ಕೋವಿಡ್ ದಿನಗಳಲ್ಲಿ ಬಂಡೀಪುರ ದಾಟಿ ಕೆಕ್ಕನಹಳ್ಳ ಚೆಕ್‌ಪೋಸ್ಟ್ ತಲುಪಿದವರ ಹಣೆಗೆ ಹಿಡಿಯುತ್ತಿದ್ದ ತಾಪಮಾಪಕ ಗನ್ ಅವಕೆಂಪು ಕಿರಣದ್ದು. ಅದಕ್ಕೆ ಕಾಣುವುದು ಚರ್ಮದ ಮೇಲ್ಮೈ ಮಾತ್ರ. ಮಸಿನಗುಡಿಯ ಬಿಸಿಲಿನಲ್ಲಿ ನಿಂತ ಹಣೆಯನ್ನೂ ಊಟಿಯ ಮುಂಜಾನೆಯ ಚಳಿಗೆ ಮರಗಟ್ಟಿದ ಹಣೆಯನ್ನೂ ಅದು ಒಂದೇ ರೀತಿ ಓದಲಾರದು. ಕೆಲವು ಗಿಗಾಹರ್ಟ್ಸ್‌ನ ಅಲೆಗಳಾದರೋ ಸ್ನಾಯುವಿನ ಒಂದೆರಡು ಸೆಂಟಿಮೀಟರ್ ಆಳದಿಂದ, ಕೊಬ್ಬಿನಲ್ಲಿ ಇನ್ನೂ ಆಳದಿಂದ ಹೊರಬರುತ್ತವೆ.

ವಿನ್ಯಾಸದ ಕಷ್ಟ ಶುರುವಾಗುವುದೂ ಇಲ್ಲಿಯೇ. ನೀರಿನಂಶ ತುಂಬಿದ ಚರ್ಮದಿಂದ ಗಾಳಿಗೆ ದಾಟುವಾಗ ಅಲೆಯ ಸುಮಾರು ಅರ್ಧ ಶಕ್ತಿ ಮೈಯೊಳಕ್ಕೇ ಹಿಂದಿರುಗುತ್ತದೆ. ಆದ್ದರಿಂದ ಆಂಟೆನಾವನ್ನು ಮೈಗೆ ಹೊಂದುವ ವಸ್ತುವಿನಿಂದ ತುಂಬಿ ಚರ್ಮಕ್ಕೆ ಅಂಟಿಸಬೇಕು. ಮೈ ಒಳಗೆ ಹೋಗದ ಸಾಧನವೇ ಹೊರತು ಇದು ಮೈ ಮುಟ್ಟದ ಸಾಧನವಲ್ಲ. ಗ್ರಾಹಕದ ಸ್ವಂತ ಗದ್ದಲವೂ ಕಡಿಮೆಯಿರಬೇಕು, ಮೊದಲ ಆಂಪ್ಲಿಫೈಯರ್ ಆಂಟೆನಾದ ಬೆನ್ನಿಗೇ ಇರಬೇಕು. ಮುತ್ತೋರೆಯ ಎಂಜಿನಿಯರುಗಳು 1990ರ ದಶಕದ ಆರಂಭದಲ್ಲಿ 1056 ಆಂಟೆನಾಗಳಿಗೂ ಒಂದೊಂದು ಕಡಿಮೆ ಗದ್ದಲದ ಆಂಪ್ಲಿಫೈಯರ್ ಜೋಡಿಸಿ ದೂರದರ್ಶಕದ ಸೂಕ್ಷ್ಮತೆ ಹೆಚ್ಚಿಸಿದ್ದು ಇದೇ ತರ್ಕದಿಂದ.

ಒಂದೇ ತರಂಗಾಂತರ ಒಂದೇ ಸರಾಸರಿ ಕೊಡುತ್ತದೆ. ಆಳಕ್ಕೆ ತಕ್ಕಂತೆ ಬಿಸಿ ತಿಳಿಯಲು ಹಲವು ಬೇಕು. ಜಪಾನ್ ಮತ್ತು ಬ್ರಿಟನ್ನಿನ ಸಂಶೋಧಕರು 2000ದ ಸುಮಾರಿಗೆ 1ರಿಂದ 4 ಗಿಗಾಹರ್ಟ್ಸ್ ನಡುವಿನ ಐದು ಪಟ್ಟಿಗಳಲ್ಲಿ ಆಲಿಸುವ ಗ್ರಾಹಕವನ್ನು ರೂಪಿಸಿದರು. ಉಸಿರುಗಟ್ಟಿ ಹುಟ್ಟಿದ ಶಿಶುವಿನ ಮಿದುಳನ್ನು ತಂಪಾಗಿಸಿ ಉಳಿಸುವ ಚಿಕಿತ್ಸೆಯಲ್ಲಿ, ತಲೆಯೊಳಗಿನ ತಾಪವನ್ನು ಸೂಜಿಯಿಲ್ಲದೆ ತಿಳಿಯುವುದು ಅವರ ಗುರಿಯಾಗಿತ್ತು.

ಇಂಥ ತಾಪಮಾಪಕಗಳಿಗೆ ಇಂದು ದೊಡ್ಡ ಅಡ್ಡಿ ಮೊಬೈಲ್, ವೈ-ಫೈಗಳ ಹೊರಗಿನ ಗದ್ದಲ. ಮುತ್ತೋರೆ ಆಲಿಸುವ 326.5 ಮೆಗಾಹರ್ಟ್ಸ್ ಖಗೋಳಜ್ಞರಿಗೂ ಹಂಚಿಕೆಯಾದ ಪಟ್ಟಿಯೊಳಗಿದೆ. ಇನ್ನು ಹೈಡ್ರೋಜನ್‌ನ ಅಲೆಗಾಗಿ ಕಾದಿರಿಸಿದ 1400–1427 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡುವಂತಿಲ್ಲ. ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಜೋಯಾ ಪೊಪೊವಿಚ್ ಅವರ ತಂಡ, ಮೈಮೇಲೆ ತೊಟ್ಟು ಒಳಗಿನ ತಾಪ ಅಳೆಯಬಹುದಾದ ತಾಪಮಾಪಕಕ್ಕೆ ಆರಿಸಿಕೊಂಡದ್ದು ಆಕಾಶಕ್ಕೆಂದು ಬಿಟ್ಟ ಈ 1.4 ಗಿಗಾಹರ್ಟ್ಸ್ ಪಟ್ಟಿಯನ್ನೇ.